ತಲೆನೋವಿನ ಗುಳಿಗೆಯಿಂದಲೇ ತಲೆನೋವು: ಬಿಡಿಸಿಕೊಳ್ಳುವುದು ಹೇಗೆ

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ಡೇರಿಗೆ ಎಷ್ಟು ಲೀಟರ್ ಹಾಲು ಹೋಯಿತು, ಗ್ಯಾಸ್ ಸಿಲಿಂಡರ್ ಯಾವತ್ತು ಹಚ್ಚಿದ್ದು, ಅಡಿಕೆ ಕೊನೆ ಕೊಯ್ಯಲು ಆಳು ಎಷ್ಟು ದಿನ ಬಂದರು, ಎಲ್ಲ ಅದರಲ್ಲೇ ಬರೆಯುವುದು. ಶಿರಸಿ ಕಡೆ ಹೆಚ್ಚಿನ ಮನೆಗಳಲ್ಲಿ ಹೀಗೇ ಅಲ್ವಾ? ಒಂದು ತಿಂಗಳು ಅದೇ ಕ್ಯಾಲೆಂಡರಿನಲ್ಲಿ, ತಲೆನೋವಿಗೆ ಗುಳಿಗೆ ನುಂಗಿದ ದಿನಕ್ಕೆಲ್ಲ ಕೆಂಪು ಪೆನ್ನಿನಲ್ಲಿ ಒಂದೊಂದು ಚುಕ್ಕಿ ಇಟ್ಟೆ. ವಾರಕ್ಕೆ ಎರಡೋ ಮೂರೋ ಇರಬಹುದು ಅಂದುಕೊಂಡಿದ್ದೆ. ತಿಂಗಳ ಕೊನೆಗೆ ಎಣಿಸಿದರೆ 22 ಚುಕ್ಕಿ.

ತಲೆನೋವು ಜಾಸ್ತಿಯಾಗಿದೆ, ಅದಕ್ಕೇ ಗುಳಿಗೆ ಜಾಸ್ತಿಯಾಗಿದೆ ಅಂತ ನಾನು ತಿಳಿದಿದ್ದೆ. ಡಾಕ್ಟರು ಆ ಹಾಳೆ ನೋಡಿ ಹೇಳಿದ್ದು ಉಲ್ಟಾ. ಗುಳಿಗೆ ಜಾಸ್ತಿಯಾಗಿದೆ, ಅದಕ್ಕೇ ತಲೆನೋವು ಬಿಡುತ್ತಿಲ್ಲ. ಮೊದಲು ನಂಬಲೇ ಇಲ್ಲ. ನುಂಗಿದ ಮುಕ್ಕಾಲು ಗಂಟೆಗೆ ನೋವು ಇಳಿಯುತ್ತದೆ, ಅದು ಹೇಗೆ ನೋವು ತರುತ್ತದೆ ಅಂತ ಅವರ ಜೊತೆ ವಾದವನ್ನೂ ಮಾಡಿದೆ.

ಇದಕ್ಕೆ ಡಾಕ್ಟರುಗಳು ಮೆಡಿಕೇಶನ್ ಓವರ್‌ಯೂಸ್ ಹೆಡೇಕ್ ಅನ್ನುತ್ತಾರೆ. ಅಪರೂಪದ ಕಾಯಿಲೆಯಲ್ಲ, ನೂರರಲ್ಲಿ ಒಬ್ಬಿಬ್ಬರಿಗೆ ಇರುತ್ತದೆ, ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು. ಮೊದಲೇ ಅರೆತಲೆನೋವು, ಅಂದರೆ ಮೈಗ್ರೇನ್, ಇದ್ದವರಿಗೆ, ಇಲ್ಲವೇ ತಲೆಗೆ ಪಟ್ಟಿ ಬಿಗಿದ ಹಾಗೆ ನೋವು ಬರುವವರಿಗೆ ಇದು ಗಂಟುಬೀಳುತ್ತದೆ. ಮೊಣಕಾಲು ನೋವಿಗೆ ಅಂತ ಇದೇ ಗುಳಿಗೆಯನ್ನು ದಿನಾ ನುಂಗುವ, ತಲೆನೋವಿನ ಚಾಳಿಯೇ ಇಲ್ಲದ ಅಜ್ಜಿಗೆ ಸಾಮಾನ್ಯವಾಗಿ ಈ ತೊಂದರೆ ಬರುವುದಿಲ್ಲ. ತಲೆನೋವಿನ ಗುಣ ಇರುವ ಮಿದುಳಿಗೆ ಮಾತ್ರ ಆಗುವ ಬದಲಾವಣೆ ಇದು. ಪದೇಪದೇ ಗುಳಿಗೆ ಬೀಳುತ್ತಿದ್ದರೆ ನೋವನ್ನು ಅಳೆಯುವ ವ್ಯವಸ್ಥೆ ಸೂಕ್ಷ್ಮವಾಗುತ್ತಾ ಹೋಗುತ್ತದೆ. ತೋಟದ ನಾಯಿ ಮೊದಲು ಹಂದಿ ಬಂದರೆ ಮಾತ್ರ ಬೊಗಳುತ್ತಿತ್ತು, ಈಗ ಅಡಿಕೆ ಹಾಳೆ ಬಿದ್ದರೂ ಬೊಗಳುತ್ತದೆ, ಹಾಗೆ. ಒಂದು ಗುಳಿಗೆಯ ಪ್ರಭಾವ ಇಳಿಯುತ್ತಿದ್ದಂತೆ ನೋವು ಮತ್ತೆ ಏಳುತ್ತದೆ, ನಾವು ಮತ್ತೊಂದು ನುಂಗುತ್ತೇವೆ.

ಮೊದಲ ಕೆಲಸ: ಎಣಿಸಿ

ಗುಳಿಗೆ ಎಷ್ಟು ಅಂತ ಅಲ್ಲ, ಎಷ್ಟು ದಿನ ಅಂತ ಎಣಿಸಿ. ಇದನ್ನು ಎಲ್ಲರೂ ತಪ್ಪು ಮಾಡುತ್ತಾರೆ. "ನಾನು ದಿನಕ್ಕೆ ಒಂದೇ ನುಂಗುವುದು, ಅದೂ ಅರ್ಧ" ಅನ್ನುವವರೇ ಹೆಚ್ಚು ಸಿಕ್ಕಿಬೀಳುವುದು. ಅರ್ಧ ನುಂಗಿದರೂ ಆ ದಿನಕ್ಕೆ ಒಂದು ಚುಕ್ಕಿ. ಎರಡು ನುಂಗಿದರೂ ಒಂದೇ ಚುಕ್ಕಿ. ತಲೆನೋವು ಬಂದ ದಿನಕ್ಕೆ ಬೇರೆ ಗುರುತು ಹಾಕಿ, ನಾನು ಪೆನ್ಸಿಲಿನಲ್ಲಿ ಒಂದು ಗೀಟು ಎಳೆಯುತ್ತಿದ್ದೆ.

ಲೆಕ್ಕ ಹೀಗೆ. ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಜಾಸ್ತಿ ತಲೆನೋವು ಇದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಆಸ್ಪಿರಿನ್ ತರಹದ ಒಂದೇ ಔಷಧಿಯ ಗುಳಿಗೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು ನುಂಗುತ್ತಿದ್ದೀರಿ. ಇದು ಮೂರು ತಿಂಗಳಿಗಿಂತ ಜಾಸ್ತಿ ನಡೆದಿದೆ. ಹಾಗಿದ್ದರೆ ನೀವು ಈ ಗುಂಪಿಗೆ ಸೇರಿರುವ ಸಾಧ್ಯತೆ ಬಹಳ. ಎರಡು ಮೂರು ಔಷಧಿ ಸೇರಿಸಿ ಮಾಡಿದ ಗುಳಿಗೆ, ಮೈಗ್ರೇನಿಗೆ ಅಂತಲೇ ಕೊಡುವ ಸುಮಾಟ್ರಿಪ್ಟಾನ್, ರಿಝಾಟ್ರಿಪ್ಟಾನ್ ತರಹದವು, ಎರ್ಗೋಟಮಿನ್ ಇರುವವು, ಟ್ರಮಡಾಲ್‌ನಂಥ ಗಟ್ಟಿ ಔಷಧಿ, ಇವಕ್ಕೆ 10 ದಿನವೇ ಸಾಕು.

ಆದ್ದರಿಂದ ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಓದಬೇಕು. ಕನ್ನಡಕ ಹಾಕಿಕೊಂಡು ಓದಿ, ಕಾಣದಿದ್ದರೆ ಮಕ್ಕಳಿಗೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿಕೊಡಲು ಹೇಳಿ. ಸಾರಿಡಾನ್‌ನಲ್ಲಿ ಪ್ರೊಪಿಫೆನಜೋನ್, ಪ್ಯಾರಾಸಿಟಮಾಲ್, ಕೆಫೀನ್ ಮೂರೂ ಇವೆ. ವ್ಯಾಸೋಗ್ರೇನ್‌ನಲ್ಲಿ ಎರ್ಗೋಟಮಿನ್, ಕೆಫೀನ್, ಪ್ಯಾರಾಸಿಟಮಾಲ್ ಜೊತೆಗೆ ವಾಂತಿ ತಡೆಯುವ ಔಷಧಿಯೂ ಇದೆ. ಕಾಂಬಿಫ್ಲಾಮ್ ಅಂದರೆ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್. ಇವೆಲ್ಲ 10 ದಿನದ ಲೆಕ್ಕಕ್ಕೆ ಬರುತ್ತವೆ. ಡೋಲೋ 650 ಬರೀ ಪ್ಯಾರಾಸಿಟಮಾಲ್, ಅದು 15ರ ಲೆಕ್ಕ. ಬೆಳಿಗ್ಗೆ ಒಂದು ಹೆಸರಿನದು, ಸಂಜೆ ಇನ್ನೊಂದು ಹೆಸರಿನದು ನುಂಗಿ "ಬೇರೆ ಬೇರೆ ಗುಳಿಗೆ" ಅಂದುಕೊಂಡವರ ಹೊಟ್ಟೆಗೆ ಎರಡು ಸಲ ಪ್ಯಾರಾಸಿಟಮಾಲೇ ಹೋಗಿರುತ್ತದೆ. ಅದು ಮಿತಿ ಮೀರಿದರೆ ಲಿವರಿಗೆ ಪೆಟ್ಟು. ನೆಗಡಿ ಗುಳಿಗೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಮುಟ್ಟಿನ ಹೊಟ್ಟೆನೋವಿಗೆ ನುಂಗುವುದೂ ನೋವಿನ ಗುಳಿಗೆಯೇ. ಅವಕ್ಕೂ ಚುಕ್ಕಿ ಹಾಕಿ. ಸಂತೆಯಲ್ಲೋ ಯಾರದೋ ಮನೆಯಲ್ಲೋ ಕೊಡುವ, ಒಳಗೆ ಏನಿದೆ ಅಂತ ಬರೆಯದ ಪುಡಿ ಪೊಟ್ಟಣವನ್ನು ದಯವಿಟ್ಟು ಬಿಟ್ಟೇಬಿಡಿ. ಏನು ನುಂಗುತ್ತಿದ್ದೇವೆ ಅಂತ ಗೊತ್ತಿಲ್ಲದೆ ಈ ಲೆಕ್ಕ ಮಾಡಲು ಆಗುವುದೇ ಇಲ್ಲ.

ಬಿಡುವ ಮುಂಚೆ ನೋಡಿಕೊಳ್ಳಬೇಕಾದ್ದು

ಎಲ್ಲ ತಲೆನೋವೂ ಗುಳಿಗೆಯ ತಲೆನೋವಲ್ಲ. ಸಿಡಿಲು ಬಡಿದ ಹಾಗೆ ಒಂದೇ ನಿಮಿಷದಲ್ಲಿ ಏರಿದ ನೋವು, ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ಜ್ವರದ ಜೊತೆ ಕುತ್ತಿಗೆ ಬಿಗಿಯುವುದು, ಬಿದ್ದು ತಲೆಗೆ ಏಟಾದ ಮೇಲಿನ ನೋವು, ಬಸುರಿಯಲ್ಲೋ ಬಾಣಂತನದಲ್ಲೋ ಬಂದ ಜೋರು ನೋವು, ಇವಕ್ಕೆ ಕ್ಯಾಲೆಂಡರ್ ಹಿಡಿದು ಕೂರಬೇಡಿ. 108ಕ್ಕೆ ಫೋನ್ ಮಾಡಿ. 50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನೂ ಬೇಗ ತೋರಿಸಬೇಕು.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಸಿದ್ದಾಪುರ, ಹೊನ್ನಾವರದ ಕಾಡಂಚಿನವರಿಗೆ ಇದು ಗೊತ್ತಿದ್ದದ್ದೇ. ಸೊಪ್ಪು, ದರಕು ತರಲು ಬೆಟ್ಟಕ್ಕೆ ಹೋಗಿ ಬಂದವರಿಗೆ ಡಿಸೆಂಬರಿನಿಂದ ಮೇವರೆಗಿನ ತಿಂಗಳುಗಳಲ್ಲಿ ಜ್ವರದ ಜೊತೆ ಜೋರು ತಲೆನೋವು, ಮೈಕೈ ನೋವು ಬಂದರೆ ಮಂಗನ ಕಾಯಿಲೆ ಇರಬಹುದು. ಉಣುಗು ಕಚ್ಚಿ ಬರುವುದು ಅದು. ಗುಳಿಗೆ ನುಂಗಿ ಮಲಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷೆಗೆ ರಕ್ತ ಕೊಡಿ. ಅಂಥ ಜ್ವರದಲ್ಲೂ ಡೆಂಗಿಯಲ್ಲೂ ರಕ್ತಸ್ರಾವದ ಭಯ ಇರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ತರಹದ್ದನ್ನು ಕೇಳದೆ ನುಂಗಲೇಬಾರದು.

ಇನ್ನು ಯಾರು ತಾವಾಗಿಯೇ ಬಿಡಬಾರದು? ಟ್ರಮಡಾಲ್, ಕೊಡೀನ್, ನಿದ್ದೆ ಗುಳಿಗೆ ದಿನಾ ನುಂಗುವವರು ಒಂದೇ ಸಲ ನಿಲ್ಲಿಸಿದರೆ ಅಪಾಯ, ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಹೃದಯಕ್ಕೆ ಅಂತ ಬರೆದುಕೊಟ್ಟ ಸಣ್ಣ ಆಸ್ಪಿರಿನ್ ಇದ್ದರೆ ಅದನ್ನು ಇದರ ಜೊತೆ ಸೇರಿಸಿ ನಿಲ್ಲಿಸಬೇಡಿ, ಅದರ ಕೆಲಸವೇ ಬೇರೆ. ಬಸುರಿಯರು, ಬಿಪಿ, ಕಿಡ್ನಿ, ಲಿವರ್ ತೊಂದರೆ ಇರುವವರು ಮೊದಲು ಡಾಕ್ಟರ ಹತ್ತಿರ ಮಾತಾಡಿ.

ಡಾಕ್ಟರು ಅಂದಕೂಡಲೇ ನಮ್ಮ ಜಿಲ್ಲೆಯವರಿಗೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ನೆನಪಾಗುತ್ತದೆ, ಕಾರವಾರದವರಿಗೆ ಗೋವಾ. ತಲೆನೋವಿನಲ್ಲಿ ದೇವಿಮನೆ ಘಟ್ಟದ ತಿರುವುಗಳನ್ನು ನೆನೆಸಿಕೊಂಡರೇ ವಾಂತಿ ಬರುತ್ತದೆ, ಅದಕ್ಕೇ ಎಷ್ಟೋ ಜನ ತೋರಿಸುವುದನ್ನೇ ಮುಂದೂಡುತ್ತಾರೆ. ಆದರೆ ಇದಕ್ಕೆ ಮೊದಲು ನಿಮ್ಮೂರಿನ ಒಳ್ಳೆಯ ಫಿಸಿಶಿಯನ್ ಸಾಕು. ತಾಲ್ಲೂಕು ಆಸ್ಪತ್ರೆಗೂ ಹೋಗಬಹುದು. ಪರೀಕ್ಷೆ ಮಾಡಿ ಅನುಮಾನ ಬಂದರೆ ಅವರೇ ಸ್ಕ್ಯಾನಿಗೆ ಇಲ್ಲವೇ ನ್ಯೂರಾಲಜಿಸ್ಟ್ ಹತ್ತಿರ ಕಳಿಸುತ್ತಾರೆ. ಹೋಗುವಾಗ ಕ್ಯಾಲೆಂಡರಿನ ಹಾಳೆ ಹರಿದುಕೊಂಡು ಹೋಗಿ, ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಎಷ್ಟು ನುಂಗುತ್ತೀರಿ ಅಂತ ಕೇಳಿದರೆ ಕಡಿಮೆ ಮಾಡಿ ಹೇಳಬೇಡಿ. ನಾನು ಮೊದಲ ಸಲ ಹಾಗೆ ಹೇಳಿ ಒಂದು ವರ್ಷ ಕಳೆದುಕೊಂಡೆ. ಅವರ ಹತ್ತಿರ ಮೂರು ಪ್ರಶ್ನೆ ಕೇಳಿ: ಒಂದೇ ಸಲ ನಿಲ್ಲಿಸಬಹುದಾ? ನಿಲ್ಲಿಸಿದಾಗ ವಾಂತಿ, ನೋವು ತಡೆಯದಿದ್ದರೆ ಏನು ಮಾಡಲಿ? ತಲೆನೋವು ಬರದ ಹಾಗೆ ತಡೆಯುವ ಔಷಧಿ ನನಗೆ ಬೇಕಾ?

ಕೊನೆಯ ಪ್ರಶ್ನೆ ಮುಖ್ಯ. ಪ್ರೊಪ್ರನಲಾಲ್, ಅಮಿಟ್ರಿಪ್ಟಿಲಿನ್, ಫ್ಲುನಾರಿಝಿನ್, ಟೋಪಿರಮೇಟ್ ತರಹದವು ನೋವು ಇಳಿಸುವ ಗುಳಿಗೆಗಳಲ್ಲ, ತಲೆನೋವಿನ ದಿನಗಳನ್ನೇ ಕಡಿಮೆ ಮಾಡುವಂಥವು. ದಿನಾ ನುಂಗಬೇಕು, ಚುಕ್ಕಿ ಲೆಕ್ಕಕ್ಕೆ ಬರುವುದಿಲ್ಲ, ಪರಿಣಾಮ ಕಾಣಲು ಒಂದೆರಡು ತಿಂಗಳು ಬೇಕು. ದಮ್ಮು ಇರುವವರಿಗೆ ಪ್ರೊಪ್ರನಲಾಲ್ ಆಗುವುದಿಲ್ಲ, ಮಕ್ಕಳಾಗುವ ಯೋಚನೆ ಇರುವವರಿಗೆ ಟೋಪಿರಮೇಟ್ ಒಳ್ಳೆಯದಲ್ಲ. ಅದಕ್ಕೇ ಪಕ್ಕದ ಮನೆಯವರಿಗೆ ಬರೆದುಕೊಟ್ಟದ್ದನ್ನು ನೀವು ತಂದು ನುಂಗಬಾರದು.

ದಿನ ಗೊತ್ತುಮಾಡಿ

ಮುಹೂರ್ತ ನೋಡಿದ ಹಾಗೆ ನೋಡಿ ದಿನ ಹಿಡಿಯಿರಿ. ಮೊದಲ ಹತ್ತು ದಿನ ಮೈ ಕೇಳುವುದಿಲ್ಲ. ಕೊನೆ ಕೊಯ್ಲು ನಡೆಯುವಾಗ, ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ದಿನಗಳಲ್ಲಿ ಇದು ಆಗದ ಕೆಲಸ. ಮಾರಿಕಾಂಬಾ ಜಾತ್ರೆಯ ವರ್ಷ ಮನೆ ತುಂಬ ನೆಂಟರಿರುವಾಗ ಬೇಡ, ಚೌತಿ ಹಬ್ಬದ ಚಕ್ಕುಲಿ ಕರಿಯುವ ವಾರವೂ ಬೇಡ. ನಾನು ಹಿಡಿದದ್ದು ಮಾರ್ಚ್ ಕೊನೆ, ಅಡಿಕೆ ಕೆಲಸ ಮುಗಿದ ಮೇಲೆ. ಕಾರವಾರದ ಮಾರ್ಕೆಟ್ಟಿನಲ್ಲಿ ಮೀನು ಮಾರುವ ನನ್ನ ಗೆಳತಿ ಜೂನ್ ಹಿಡಿದಳು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರುಗಳಿಗೆ ಸಮುದ್ರಕ್ಕೆ ಇಳಿಯಲು ನಿಷೇಧ, ಅವಳಿಗೆ ವ್ಯಾಪಾರ ಕಡಿಮೆ, ಬಿಸಿಲೂ ಇಲ್ಲ. ನೌಕರಿಯವರು ಒಂದು ವಾರ ರಜೆ ಉಳಿಸಿಟ್ಟುಕೊಳ್ಳಿ.

ಅದಕ್ಕೆ ಎರಡು ಮೂರು ವಾರ ಮುಂಚೆಯೇ ಚಾ ಇಳಿಸಲು ಶುರುಮಾಡಿ. ಚಾ, ಕಾಫಿಯ ಕೆಫೀನ್ ಒಮ್ಮೆಲೇ ತಪ್ಪಿದರೆ ಅದೇ ಒಂದು ತಲೆನೋವು. ನನಗೆ ದಿನಕ್ಕೆ ಆರು ಚಾ ಆಗುತ್ತಿತ್ತು, ಯಾರು ಬಂದರೂ ಆಸರಿಗೆ ಅಂತ ಅವರ ಜೊತೆ ನನ್ನದೂ ಒಂದು ಲೋಟ. ನಾಲ್ಕು ದಿನಕ್ಕೊಂದು ಲೋಟ ಕಡಿಮೆ ಮಾಡಿ ಎರಡಕ್ಕೆ ತಂದೆ, ಉಳಿದ ಹೊತ್ತಿಗೆ ಕೊತ್ತಂಬರಿ ಜೀರಿಗೆ ಕಷಾಯ. ಕೈಗೆ ಬಿಸಿ ಲೋಟ ಸಿಕ್ಕರೆ ಅರ್ಧ ಚಟ ತೀರುತ್ತದೆ, ನಿಜವಾಗಿಯೂ.

ಮನೆಯವರಿಗೆ ಮೊದಲೇ ಹೇಳಿಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಾಲ್ಕನೇ ದಿನ ನಾನು ಕತ್ತಲೆ ಕೋಣೆಯಲ್ಲಿ ಹೊರಳಾಡುವುದನ್ನು ನೋಡಲಾಗದೆ ನಮ್ಮ ಅತ್ತೆ ನೀರು ಮತ್ತು ಗುಳಿಗೆ ಹಿಡಿದೇ ಬಂದರು. "ಎಂತಕ್ಕೆ ಹಿಂಗೆ ಒದ್ದಾಡ್ತೆ ತಂಗಿ, ಒಂದು ನುಂಗಿ ಮಲಗು." ಪ್ರೀತಿಯಿಂದಲೇ ತಂದದ್ದು. ಅವರಿಗೆ ಮೊದಲೇ ವಿವರಿಸಿ ಹೇಳದ್ದು ನನ್ನ ತಪ್ಪು. ಅವತ್ತು ಪಕ್ಕ ಕೂರಿಸಿಕೊಂಡು ಹೇಳಿದೆ, ಆಮೇಲೆ ಅವರೇ ನನ್ನ ಕಾವಲು. ಮನೆಯಲ್ಲಿರುವ ತಲೆನೋವಿನ ಗುಳಿಗೆಗಳನ್ನೆಲ್ಲ ಅವರ ಕಪಾಟಿಗೆ ಹಾಕಿ ಕೀಲಿ ಹಾಕಿಸಿದೆ. ಮೆಡಿಕಲ್ ಶಾಪಿನ ಹುಡುಗನಿಗೂ ಹೇಳಿದೆ. ನಾನು ಬಾಯಿ ತೆಗೆಯುವ ಮುಂಚೆಯೇ "ಅಕ್ಕಾ, ಅದೇ ಅಲ್ವಾ" ಅಂತ ಸ್ಟ್ರಿಪ್ ತೆಗೆದಿಡುತ್ತಿದ್ದವನು ಅವನು. ಇನ್ನು ಕೇಳಿದರೂ ಕೊಡಬೇಡ ಅಂದೆ, ಅವನು ಮಾತು ಉಳಿಸಿಕೊಂಡ.

ಆ ಹತ್ತು ದಿನ

ಸುಳ್ಳು ಹೇಳುವುದಿಲ್ಲ, ನೋವು ಮೊದಲು ಜಾಸ್ತಿಯಾಗುತ್ತದೆ. ವಾಕರಿಕೆ, ವಾಂತಿ, ನಿದ್ದೆ ಬಾರದಿರುವುದು, ಎದೆ ಡವಡವ, ಸುಮ್ನೆ ಸಿಟ್ಟು, ಅಳು, ಎಲ್ಲ ಬರಬಹುದು. ಸಾಮಾನ್ಯವಾಗಿ ಎರಡರಿಂದ ಹತ್ತು ದಿನ. ಟ್ರಿಪ್ಟಾನ್ ಮಾತ್ರ ನುಂಗುತ್ತಿದ್ದವರಿಗೆ ನಾಲ್ಕೈದು ದಿನಕ್ಕೇ ಇಳಿಯುತ್ತದೆ, ನೋವಿನ ಸಾದಾ ಗುಳಿಗೆಯವರಿಗೆ ಹೆಚ್ಚು ದಿನ ಬೇಕು. ನನಗೆ ಎರಡನೇ ದಿನದಿಂದ ಐದನೇ ದಿನದವರೆಗೆ ಬಹಳ ಕಷ್ಟ. ಎಂಟನೇ ದಿನ ಬೆಳಿಗ್ಗೆ ಎದ್ದಾಗ ತಲೆ ಹಗುರವಾಗಿತ್ತು, ಕೊಟ್ಟಿಗೆಗೆ ಹೋಗಿ ಹಾಲು ಕರೆಯುವವರೆಗೂ ನನಗೆ ಅದು ಗೊತ್ತೇ ಆಗಲಿಲ್ಲ.

ಆ ದಿನಗಳಲ್ಲಿ ಊಟ ಬಿಡಬೇಡಿ. ಗಂಜಿ, ಉಪ್ಪಿನಕಾಯಿ ರಸ, ಮಜ್ಜಿಗೆ, ಒಂದೆಲಗದ ತಂಬುಳಿ, ಹೋದಷ್ಟು ಹೋಗಲಿ. ವಾಂತಿಯಾಗುತ್ತಿದ್ದರೆ ಸ್ವಲ್ಪ ಸ್ವಲ್ಪವೇ ನೀರು, ಓಆರ್‌ಎಸ್, ಎಳನೀರು. ರಾತ್ರಿ ನನಗೆ ಅಪ್ಪೆಹುಳಿ ಕೊಡುತ್ತಿದ್ದರು, ಕುಡಿದರೆ ನಿದ್ದೆ ಬರುತ್ತದೆ ಅಂತ ನಮ್ಮ ಕಡೆ ನಂಬಿಕೆ, ನನಗಂತೂ ಅದು ಒಳಗೆ ನಿಲ್ಲುತ್ತಿತ್ತು, ಅಷ್ಟೇ ಸಾಕಿತ್ತು. ಹಣೆಗೆ ತಣ್ಣೀರು ಬಟ್ಟೆ, ಕತ್ತಲೆ ಕೋಣೆ, ಮೊಬೈಲ್ ದೂರ. ಬಾಮ್ ಹಚ್ಚಬಹುದು, ಎಣ್ಣೆ ತಟ್ಟಿಸಿಕೊಳ್ಳಬಹುದು, ಇವಕ್ಕೆ ಚುಕ್ಕಿ ಇಲ್ಲ. ಡಾಕ್ಟರು ವಾಂತಿಗೆ ಕೊಟ್ಟ ಗುಳಿಗೆ ನುಂಗಿ. ಕೆಲವರಿಗೆ ಅವರು ಬೇರೆ ಜಾತಿಯ ನೋವಿನ ಔಷಧಿಯನ್ನು ಇಷ್ಟೇ ದಿನ ಅಂತ ಎಣಿಸಿ ಕೊಡುತ್ತಾರೆ, ಆ ಎಣಿಕೆ ದಾಟಬೇಡಿ. ನೀರೂ ನಿಲ್ಲದಷ್ಟು ವಾಂತಿ, ತಲೆ ಸುತ್ತಿ ಬೀಳುವುದು ಆದರೆ ಹಟ ಮಾಡದೆ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿಕೊಳ್ಳಿ. ಮನಸ್ಸು ತೀರಾ ಕುಗ್ಗಿದರೂ ಹೇಳಿಕೊಳ್ಳಿ. ಐದನೇ ದಿನಕ್ಕೆ ಒಂದು ಗುಳಿಗೆ ನುಂಗಿಬಿಟ್ಟಿರಾ? ಎಲ್ಲ ಹಾಳಾಯಿತು ಅಂತ ಬಿಡಬೇಡಿ. ಚುಕ್ಕಿ ಹಾಕಿ, ಮರುದಿನದಿಂದ ಮುಂದುವರಿಸಿ.

ಹತ್ತು ದಿನ ಕಳೆದ ಮೇಲೂ ತಲೆನೋವು ಪೂರ್ತಿ ಹೋಗುವುದಿಲ್ಲ. ನಿಮ್ಮ ಮೂಲದ ಅರೆತಲೆನೋವು ನಿಮ್ಮ ಜೊತೆಗೇ ಇರುತ್ತದೆ. ಆದರೆ ಅದು ಮೊದಲಿನ ಹಾಗೆ ಬಂದು ಹೋಗುವ ನೋವಾಗುತ್ತದೆ, ಔಷಧಿಗೂ ಬಗ್ಗುತ್ತದೆ. ಸರಿಯಾದ ಚಿತ್ರ ಸಿಗಲು ಎರಡು ತಿಂಗಳು ಕಾಯಿರಿ.

ಆಮೇಲೆ ಹಿಡಿದುಕೊಳ್ಳಬೇಕಾದ ಲೆಕ್ಕ ಒಂದೇ: ನೋವಿನ ಗುಳಿಗೆ ವಾರಕ್ಕೆ ಎರಡು ದಿನ, ಅದಕ್ಕಿಂತ ಹೆಚ್ಚಿಲ್ಲ. ಆ ಎರಡು ದಿನ ಹೆದರಿ ಹೆದರಿ ಅರ್ಧ ನುಂಗಬೇಡಿ, ಡಾಕ್ಟರು ಹೇಳಿದ ಪ್ರಮಾಣವನ್ನು ನೋವು ಶುರುವಾದಾಗಲೇ ನುಂಗಿ. "ಬರಬಹುದು" ಅಂತ ಮುಂಚಿತವಾಗಿ ನುಂಗುವುದನ್ನು ಮಾತ್ರ ಬಿಡಿ. ಮದುವೆ ಮನೆಗೆ ಹೊರಡುವ ಮುಂಚೆ, ಬಸ್ ಹತ್ತುವ ಮುಂಚೆ ಒಂದು ಅಂತ ನುಂಗುತ್ತಿದ್ದೆವಲ್ಲ, ನನ್ನ 22 ಚುಕ್ಕಿಗಳಲ್ಲಿ ಆರೇಳು ಅಂಥವೇ ಇದ್ದವು.

ತಲೆನೋವು ಎಬ್ಬಿಸುವುದು ಯಾವುದು ಅಂತಲೂ ಅದೇ ಕ್ಯಾಲೆಂಡರ್ ತೋರಿಸುತ್ತದೆ. ನನಗೆ ಸಂಕಷ್ಟಿ. ಚಂದ್ರ ಮೂಡುವವರೆಗೆ ಉಪವಾಸ, ಸಂಜೆ ಆರಕ್ಕೇ ತಲೆ ಹಿಡಿದಿರುತ್ತಿತ್ತು. ಈಗ ಹಾಲು, ಹಣ್ಣು ತೆಗೆದುಕೊಂಡು ಮಾಡುತ್ತೇನೆ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದ ಮರುದಿನ ಗ್ಯಾರಂಟಿ ಗೀಟು, ಹಾಗಾಗಿ ಒಂದು ಪ್ರಸಂಗ ನೋಡಿ ಎದ್ದು ಬರುತ್ತೇನೆ. ಕರಾವಳಿಯ ಸೆಕೆಯಲ್ಲಿ ಬೆವರಿ ನೀರು ಕುಡಿಯದಿದ್ದರೆ ಗೆಳತಿಗೆ ಬರುತ್ತದೆ, ಅವಳು ಮೀನಿನ ಬುಟ್ಟಿ ಪಕ್ಕದಲ್ಲೇ ಮುರುಗಲು ನೀರಿನ ಬಾಟಲಿ ಇಟ್ಟುಕೊಳ್ಳುತ್ತಾಳೆ. ಕಣ್ಣು ತೋರಿಸಿ ವರ್ಷಗಳಾಗಿದ್ದರೆ ತೋರಿಸಿ.

ಇದು ಮರುಕಳಿಸುತ್ತದೆ, ಅದರಲ್ಲೂ ಮೊದಲ ವರ್ಷದಲ್ಲೇ ಹೆಚ್ಚು. ನನಗೆ ಡಿಸೆಂಬರಿನಲ್ಲಿ, ಅಡಿಕೆ ಸುಲಿಯುವ ದಿನಗಳಲ್ಲಿ, ಚುಕ್ಕಿ ಒಂಬತ್ತಕ್ಕೆ ಏರಿತು. ಈ ಸಲ 22 ಆಗುವವರೆಗೆ ಕಾಯಲಿಲ್ಲ. ಒಂಬತ್ತನೇ ಚುಕ್ಕಿ ಇಟ್ಟ ದಿನವೇ ಡಾಕ್ಟರಿಗೆ ಫೋನ್ ಮಾಡಿದೆ, ಅವರು ತಡೆಯುವ ಔಷಧಿಯ ಪ್ರಮಾಣ ಬದಲಾಯಿಸಿದರು, ನಾನು ರಾತ್ರಿ ಒಂಬತ್ತೂವರೆಗೆ ಮೆಟ್ಟುಗತ್ತಿ ಬಿಟ್ಟು ಏಳಲು ಶುರುಮಾಡಿದೆ. ಜನವರಿಯ ಹಾಳೆಯಲ್ಲಿ ನಾಲ್ಕು ಚುಕ್ಕಿ. ನಿಮ್ಮ ಹಾಳೆಯಲ್ಲಿ ಎಂಟು ದಾಟಿದ ದಿನವೇ ಫೋನ್ ಮಾಡಿ.